ಬೆಲ್ಲದ ನೀರು ನೀಲಿಯಾಗಿ ಹೊಳೆದಾಗ

ಕಳೆದ ವಾರ ಒಂದು ಪಂಚೆ ನನ್ನ ಮಾನ ತೆಗೆಯಿತು. (ಉಟ್ಟಿದ್ದು ಜಾರಿತು ಅಂದುಕೊಳ್ಳಬೇಡಿ. ಅದು ನನ್ನ ಪಂಚೆಯೇ ಅಲ್ಲ.)

ನಾನು ಪಾಂಡವಪುರದಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಅನ್ನೋದು ನಿಮಗೆ ಗೊತ್ತೇ ಇದೆ. ನನ್ನ ಬಳಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿರುವ ಹುಡುಗಿ ಸವಿತ. ಊರು ಕಿಕ್ಕೇರಿ ಪಕ್ಕ. ಅಪ್ಪ ನಿಂಗೇಗೌಡರದ್ದು ಆಲೆಮನೆ. ಹಾಗಾಗಿ ಕಾರ್ಬನ್ ಡಾಟ್ ಮಾಡಲು ಅವಳು ಆರಿಸಿಕೊಂಡದ್ದು ಮನೆಯ ಬೆಲ್ಲವನ್ನೇ.

ಕಾರ್ಬನ್ ಡಾಟ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣ. ಬೆಲ್ಲದ ನೀರನ್ನು ಬಿಗಿ ಮುಚ್ಚಳದ ಉಕ್ಕಿನ ಪಾತ್ರೆಗೆ ಹಾಕಿ ಓವನ್ನಿನಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಕಂದು ನೀರು ಸಿಗುತ್ತದೆ. ಯುವಿ ಟಾರ್ಚ್ ಬಿಟ್ಟರೆ ಅದು ನೀಲಿಯಾಗಿ ಹೊಳೆಯುತ್ತದೆ. ಕಾಯಿಸುವ ಮುಂಚೆ ಒಂದಿಷ್ಟು ಯೂರಿಯಾ ಹಾಕಿದರೆ ಕಣದೊಳಗೆ ನೈಟ್ರೋಜನ್ ಸೇರಿಕೊಂಡು ಹೊಳಪು ಹೆಚ್ಚಬೇಕು. (ಗದ್ದೆಗೆ ಎರಚೋ ಯೂರಿಯಾನಾ? ಅದೇ, ಆದರೆ ಲ್ಯಾಬಿನ ಬಾಟಲಿಯದು.) ಹೆಚ್ಚುತ್ತದೆ ಅಂತ ತೋರಿಸುವುದೇ ಸವಿತಳ ಪ್ರಾಜೆಕ್ಟ್.

ಶುಕ್ರವಾರ ಮೈಸೂರಲ್ಲಿ ಸೆಮಿನಾರ್. ಸೋಮವಾರ ಲ್ಯಾಬಿನ ಕಿಟಕಿ ಮುಚ್ಚಿ ಟಾರ್ಚ್ ಬಿಟ್ಟೆವು. ಯೂರಿಯಾ ಹಾಕಿದ್ದು ಝಗ್ ಅಂದಿತು. ಹಾಕದೇ ಇದ್ದದ್ದೂ ಅಷ್ಟೇ ಝಗ್ ಅಂದಿತು. ಎರಡೂ ಒಂದೇ ಆದರೆ ಪ್ರಾಜೆಕ್ಟ್ ಎಲ್ಲಿ ಉಳಿಯಿತು? ಅಷ್ಟು ತಿಂಗಳ ಕೆಲಸ ನೀರಲ್ಲಿ ಹೋಮ. ಹುಡುಗಿಯ ಮುಖ ಸಪ್ಪಗಾಯಿತು.

ಆಗ ನಾನೊಂದು ಮಾತು ಹೇಳಿದೆ.

"ಯೂರಿಯಾ ಇಲ್ಲದ್ದರ ಫೋಟೋ ಸ್ಲೈಡಿಂದ ತೆಗೆದುಬಿಡಮ್ಮ. ಯಾರೂ ಕೇಳಲ್ಲ."

ಇಪ್ಪತ್ತೆರಡು ವರ್ಷ ಸರ್ವೀಸಾದ ಮೇಷ್ಟ್ರ ಬಾಯಿಂದ ಬಂದ ಮಾತು ಇದು. ಬರೆಯೋಕೂ ನಾಚಿಕೆಯಾಗುತ್ತಿದೆ.

"ಇನ್ನೊಂದ್ಸಲ ಮಾಡ್ತೀನಿ ಸಾರ್" ಅಂದಳು ಸವಿತ. ಅಷ್ಟೇ. ಅವತ್ತೇ ಹೊಸದಾಗಿ ಓವನ್ನಿಗೆ ಇಟ್ಟಳು.

ಮಾರನೆಯ ದಿನ ಏನೋ ಕೆಲಸಕ್ಕೆ ಪಾಂಡವಪುರಕ್ಕೆ ಬಂದಿದ್ದ ನಿಂಗೇಗೌಡರು ಮಗಳನ್ನು ನೋಡಲು ಲ್ಯಾಬಿಗೂ ಬಂದರು. ಸವಿತ ಕಂದು ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದಳು. ನಮ್ಮ ಸಣ್ಣ ರಂಧ್ರದ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಅದಕ್ಕೇ ಸೋಮವಾರದಂತೆ ಇವತ್ತೂ ಮೊದಲು ಬಟ್ಟೆ. ಕಬ್ಬಿನ ಹಾಲು ಸೋಸಿ ಬೆಳೆದ ಕೈಯಲ್ಲವೇ?

"ಯಾವ್ದವ್ವ ಅದು ಬಟ್ಟೆ?" ಅಂದರು ಗೌಡರು.

"ನಿಂದೇ ಹಳೇ ಪಂಚೆ ಕಣಪ್ಪ. ಅವ್ವ ಒಗ್ದು ಕೊಡ್ತು."

"ಸೋಪಿನ್ ಪುಡೀಲಿ ಒಗ್ದವ್ಳಾ? ಆಲೆಮನೆ ಬಟ್ಟೆಗೆ ನಾವು ಸೋಪು ಸೋಕುಸ್ತೀವಾ? ಬರೀ ಬಿಸ್ನೀರು ಕಣವ್ವ. ಇಲ್ದಿದ್ರೆ ಬೆಲ್ಲ ಕೆಡದಿಲ್ವಾ?"

ಸವಿತ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಸೋಪಿನ ಪುಡಿಗೆ ಸೇರಿಸುವ ವಸ್ತು ಯುವಿ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಪ್ರತಿ ವರ್ಷ ನಾನೇ ಮಾಡುವ ಪಾಠ. ಬರೀ ನೀರನ್ನು ಆ ಪಂಚೆಯಲ್ಲಿ ಸೋಸಿ ಟಾರ್ಚ್ ಬಿಟ್ಟೆವು. ಬೆಲ್ಲವೂ ಇಲ್ಲ, ಯೂರಿಯಾವೂ ಇಲ್ಲ, ಆದರೂ ಹೊಳೆಯಿತು.

ಬುಧವಾರ ಮತ್ತೆ ಹೊಸದಾಗಿ ಕಾಯಿಸಿದ್ದನ್ನು ಬಟ್ಟೆ ಬಿಟ್ಟು, ಫಿಲ್ಟರ್ ಮೇಲೆ ಫಿಲ್ಟರ್ ಬದಲಿಸಿ ಸೋಸಿದಳು. ಮೊದಲಿನ ಆ ಝಗಮಗ ಇರಲಿಲ್ಲ. ಆದರೆ ಯೂರಿಯಾ ಇಲ್ಲದ್ದು ಮಂಕಾಗಿತ್ತು, ಇದ್ದದ್ದು ಎದ್ದು ಕಾಣುತ್ತಿತ್ತು. ನನಗಂತೂ ಹೋದ ಜೀವ ಬಂದಂತಾಯಿತು.

ಸೆಮಿನಾರಿನಲ್ಲಿ ಸವಿತ ಮೊದಲು ತೋರಿಸಿದ್ದೇ ಸೋಮವಾರದ ಫೋಟೋ. "ಈ ಹೊಳಪು ಸೋಪಿನ ಪುಡಿಯದು. ಬಟ್ಟೆ ತಂದ ತಪ್ಪು ನನ್ನದು, ಕಂಡುಹಿಡಿದವರು ನಮ್ಮಪ್ಪ" ಅಂದಳು. ಸಭೆ ನಕ್ಕಿತು. ಬಹುಮಾನ ಬೇರೆ ಯಾರಿಗೋ ಹೋಯಿತು. ಸೋಮವಾರ ನಾನು ಕೊಟ್ಟ ಸಲಹೆಯನ್ನು ಮಾತ್ರ ಅವಳು ಅಲ್ಲಿ ಯಾರಿಗೂ ಹೇಳಲಿಲ್ಲ.

ಸರ್ಟಿಫಿಕೇಟಿನಲ್ಲಿ ಗೈಡ್ ಅನ್ನೋ ಕಡೆ ನನ್ನ ಹೆಸರಿದೆ. ತಿದ್ದುಪಡಿಗೆ ಅರ್ಜಿ ಎಲ್ಲಿ ಕೊಡಬೇಕು?