ಅತ್ತಿಗೆಯ ಸುಳ್ಳು ಅಳು

ನಮ್ಮ ಅತ್ತಿಗೆ ಬಟ್ಟೆ ಹೊಲಿಯುವವಳು. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಮೆಷಿನ್ನಿನ ಪಕ್ಕದ ಮೇಜಿನ ಕೆಳಗೆ, ಚಿಂದಿಗಳ ನಡುವೆ ನಾಲ್ಕು ವರ್ಷದ ಪುಟ್ಟಿಯ ಸಂಸಾರ. ಕೆಲವು ದಿನ ಪುಟ್ಟಿ, ಪೆಡಲು ತುಳಿಯುವ ಅಮ್ಮನ ಕಾಲನ್ನೇ ತಬ್ಬಿ ಕೂತು ಬೈಸಿಕೊಳ್ಳುತ್ತಿದ್ದಳು.

ಶಿಶುವಿಹಾರದಲ್ಲಿ ಒಂದು ಮಗು ಜಾರುಬಂಡೆಯಿಂದ ಬಿದ್ದು ಅತ್ತಾಗ ಉಳಿದವರೆಲ್ಲ ಓಡಿಹೋದರಂತೆ, ಪುಟ್ಟಿ ಮಾತ್ರ ಸುಮ್ಮನೆ ನಿಂತಿದ್ದಳಂತೆ. ಟೀಚರು ಅಷ್ಟು ಹೇಳಿದ್ದೇ ತಡ, ಅತ್ತಿಗೆಯ ನಿದ್ದೆ ಹಾರಿಹೋಯಿತು.

"ನಿಮ್ಮಣ್ಣನ ರಕ್ತ ಕಣೇ! ಹೆತ್ತ ತಾಯಿ ಹೋದಾಗ್ಲೂ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಕಲ್ಲು!" ಎಂದು ನನ್ನ ಮೇಲೆ ಹರಿಹಾಯ್ದಳು.

ನನಗೂ ರೇಗಿತು. ಆ ದಿನ ಅಣ್ಣ ಹಿತ್ತಲಲ್ಲಿ ಕೂತು ಅಮ್ಮನ ಚಪ್ಪಲಿಯನ್ನು ಮತ್ತೆ ಮತ್ತೆ ತೊಳೆಯುತ್ತಿದ್ದುದನ್ನು ನಾನು ನೋಡಿದ್ದೆ. ಆದರೂ ಒಳಗೊಳಗೇ ಹೆದರಿಕೆಯಾಯಿತು.

ರಕ್ತದಲ್ಲಿ ಬರದಿದ್ದರೆ ಕಲಿಸಿಯೇ ಸೈ ಎಂದು ಅತ್ತಿಗೆ ಹಟ ಹಿಡಿದಳು. ಬೇಕೆಂದೇ ಎಡವುವಳು, ಸೂಜಿ ಚುಚ್ಚಿತೆಂದು ಗೋಳೋ ಎನ್ನುವಳು, ಬೆರಳ ಸಂದಿಯಿಂದ ಮಗಳನ್ನು ಇಣುಕಿ ನೋಡುವಳು. ನಾಟಕದ ಕಂಪನಿ ಸೇರಿದ್ದರೆ ಹೆಸರು ಮಾಡುತ್ತಿದ್ದಳು! ಪುಟ್ಟಿ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಗುಂಡಿ ಜೋಡಿಸಲು ಕೂರುವಳು. ಅತ್ತಿಗೆ ಊಟ ಸೇರದೆ ಸೊರಗಿದಳು.

ಮೊನ್ನೆ ಗಿರಾಕಿಯೊಬ್ಬರು ಅವಸರ ಮಾಡುತ್ತ ನಿಂತಿದ್ದಾಗ ಮೆಷಿನ್ನಿನ ಸೂಜಿ ಅತ್ತಿಗೆಯ ಉಗುರಿಗೇ ಇಳಿಯಿತು. ಅವಳು ಹಲ್ಲು ಕಚ್ಚಿ, "ಒಂದ್ನಿಮಿಷ ಕೂತ್ಕೊಳಿ" ಎಂದು ನಕ್ಕಳು. ಪಕ್ಕದಲ್ಲೇ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ನನಗೂ ಗೊತ್ತಾಗಲಿಲ್ಲ.

ಪುಟ್ಟಿ ಮೇಜಿನ ಕೆಳಗಿನಿಂದ ಸರ್ರನೆ ಹೊರಬಂದಳು. ಚಿಂದಿಯೊಂದನ್ನು ಉಂಡೆ ಮಾಡಿ, ಉಫ್ ಎಂದು ಊದಿ, ತಾನು ಬಿದ್ದಾಗ ಅಮ್ಮ ಮಾಡುವ ಹಾಗೆಯೇ ಅಮ್ಮನ ಬೆರಳಿಗೆ ಒತ್ತಿದಳು. ಬಾಯಲ್ಲಿ ಒಂದು ಮಾತಿಲ್ಲ, ಥೇಟ್ ನಮ್ಮಣ್ಣ.

"ಇಷ್ಟು ದಿನ ಅಮ್ಮ ಅತ್ತಾಗ ಯಾಕೆ ಬರ್ಲಿಲ್ಲ ಮರಿ?" ಅತ್ತಿಗೆ ಕೇಳಿದಳು.

"ಆಗ ನಿಂಗೆ ನೋವಾಗಿರ್ಲಿಲ್ವಲ್ಲ."

ಗಿರಾಕಿ ನಕ್ಕರು. ಅತ್ತಿಗೆಯ ಮುಖ ಮಾತ್ರ ಬಿಳಿಚಿತು. ಅಣ್ಣನ ಜೊತೆ ಜಗಳವಾಡಿದ ಮಾರನೆಯ ದಿನಗಳಲ್ಲಿ, ಏನೂ ಆಗಿಲ್ಲವೆಂಬಂತೆ ಮಗಳ ಮುಂದೆ ನಗುತ್ತಿದ್ದವಳು ಅವಳು. ಆ ದಿನಗಳಲ್ಲೇ ಪುಟ್ಟಿ ಅಮ್ಮನ ಕಾಲು ಬಿಡುತ್ತಿರಲಿಲ್ಲ.

"ಅಯ್ಯೋ, ಇವ್ಳಿಗೆ ಎಲ್ಲಾ ಗೊತ್ತಾಗ್ತಿತ್ತೇನೇ?" ಎಂದು ನನ್ನ ಕೈ ಹಿಡಿದಳು. "ಕೆಲ್ಸಕ್ಕೆ ಅಡ್ಡ ಅಂತ ಎಷ್ಟು ಸಲ ಒದ್ದು ಸರಿಸಿದೀನಿ."