ಹಗೇವಿನ ಬಾಯಲ್ಲಿ ಕೊಟ್ಟ ಮಾತು

ಸಿಂದಗಿಯ ಕಾಲೇಜೊಂದರಲ್ಲಿ ನಾನು ತರ್ಕಶಾಸ್ತ್ರ ಕಲಿಸುತ್ತಿದ್ದೆ. ತಪ್ಪು ತರ್ಕಕ್ಕೆ ಉದಾಹರಣೆ ಬೇಕಾದಾಗಲೆಲ್ಲ ದೆವ್ವದ ಕಥೆಗಳನ್ನೇ ಎತ್ತಿಕೊಳ್ಳುತ್ತಿದ್ದೆ. ಹುಡುಗರು ತಮ್ಮೂರಿನ ಹಾಳು ಬಾವಿ, ಹುಣಸೆ ಮರಗಳ ಸಂಗತಿ ಹೇಳುವುದು, ನಾನು ಅದರ ಒಂದೊಂದೇ ಎಳೆ ಬಿಚ್ಚಿ ಅವರ ಕೈಗೆ ಕೊಡುವುದು, ಇಡೀ ತರಗತಿ ನಗುವುದು. ಪಾಠ ಚೆನ್ನಾಗಿ ನಡೆಯುತ್ತಿತ್ತು. ಈಗ ನಾನು ಹೇಳಹೊರಟಿರುವುದನ್ನು ಆಗ ಯಾರಾದರೂ ಬಂದು ಹೇಳಿದ್ದರೆ ಅವರಿಗೂ ಅದೇ ಗತಿಯಾಗುತ್ತಿತ್ತು. ಇದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಟಿ.ವಿ. ವಾಹಿನಿಯವರು ಕಾಡುಮೇಡಿನಲ್ಲಿ ಬದುಕಿ ತೋರಿಸುವ ರಿಯಾಲಿಟಿ ಶೋ ಮಾಡಿದರು. ಜನವಿಲ್ಲದ ಜಾಗದಲ್ಲಿ ಕೆಲವರನ್ನು ಬಿಡುವುದು, ಕೈಗೆ ಒಂದು ಚಾಕು, ಒಂದು ಪಾತ್ರೆ, ಒಂದು ಬೆಂಕಿಪೊಟ್ಟಣ ಕೊಡುವುದು, ಬೆನ್ನಿಗೆ ಸದಾ ಕ್ಯಾಮೆರಾ. ವಾರಕ್ಕೊಮ್ಮೆ ನಾವೇ ಮತ ಹಾಕಿ ಒಬ್ಬರನ್ನು ಮನೆಗೆ ಕಳಿಸಬೇಕು. ನಾನು ಅರ್ಜಿ ಹಾಕಿದ್ದು ಹೆಸರಿನ ಆಸೆಗಲ್ಲ. ಹಸಿವು, ಭಯ ಎರಡನ್ನೂ ಬುದ್ಧಿಯಿಂದ ಆಳಬಹುದೆಂದು ವರ್ಷಗಟ್ಟಲೆ ಬಾಯಿಂದ ಹೇಳಿದ್ದೆ. ಒಮ್ಮೆ ಹೊಟ್ಟೆಯಿಂದಲೂ ಹೇಳಿ ನೋಡೋಣ ಎನಿಸಿತ್ತು. ಹೆಂಡತಿ ಮಾತ್ರ, "ಚಾ ಅರ್ಧ ತಾಸು ತಡಾ ಆದ್ರ ಮನಿ ಮ್ಯಾಲೆ ಕೆಳಗ ಮಾಡ್ತೀರಿ. ಹೋಗ್ರಿ, ಹೋಗಿ ಬರ್ರಿ" ಎಂದು ನಕ್ಕಳು.

ಜಾಗ ಮುದ್ದೇಬಿಹಾಳ ತಾಲೂಕಿನದೇ. ಕೃಷ್ಣೆಯ ಹಿನ್ನೀರಿನಲ್ಲಿ ಒಂದು ಊರು ಮುಳುಗಿ, ಅದರ ಎತ್ತರದ ಭಾಗ ಮಾತ್ರ ನಡುಗಡ್ಡೆಯಾಗಿ ಉಳಿದಿತ್ತು. ಜನ ಎಂದೋ ನಾಲತವಾಡದ ದಾರಿಯಲ್ಲಿ ಕಟ್ಟಿದ ಹೊಸ ಊರಿಗೆ ಹೋಗಿದ್ದರು. ತೊಲೆ, ಬಾಗಿಲು ಕಿತ್ತು ಒಯ್ದ ಮನೆಗಳು, ಜಾಲಿಕಂಟಿ, ಬಿಸಿಲು. ವಾಹಿನಿಯವರಿಗೆ ಅದು ಬೇರೆಯೇ ಲೋಕ. ಬಾಗೇವಾಡಿಯಲ್ಲಿ ಹುಟ್ಟಿ ಬೆಳೆದ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಎರಡನೆಯ ವಾರಕ್ಕೆ ಹಸಿವು ತನ್ನ ಪಾಠ ಶುರುಮಾಡಿತು. ಮೀನು ಸಿಕ್ಕ ದಿನ ಊಟ, ಇಲ್ಲದ ದಿನ ನೀರು. ನನಗೆ ಈಜು ಬಾರದು, ದಂಡೆಯಲ್ಲಿ ಸಿಕ್ಕ ಹಳೆ ಬಲೆ ಹಾಕಲೂ ಬಾರದು. ಇಂಡಿ ಪಟ್ಟಣದ ಹೈಸ್ಕೂಲೊಂದರಲ್ಲಿ ಆಟ ಕಲಿಸುತ್ತಿದ್ದ ಶಮಶಾದ ಮೇಡಂ ನಮ್ಮ ತಂಡದ ಬೆನ್ನೆಲುಬು. ಮುಚ್ಚುಮರೆ ಅವರ ಸ್ವಭಾವದಲ್ಲೇ ಇರಲಿಲ್ಲ. "ಸರ, ನಿಮ್ಮ ಮಾತು ಭಾಳ ಚಲೋ ಇರ್ತಾವ್ರಿ. ಆದ್ರ ಮಾತು ಕುದಿಸಿ ಉಣ್ಣಾಕ ಬರಂಗಿಲ್ಲ. ಈ ಸಲ ಎಲ್ಲಾರೂ ನಿಮ್ಮ ಹೆಸರ ಬರಿಯಾವ್ರು ಅದಾರ" ಎಂದು ಎದುರಿಗೇ ಹೇಳಿದರು.

ಆಗ ನನಗೆ ಹಗೇವು ನೆನಪಾಯಿತು. ನಮ್ಮ ಕಡೆ ಹಿಂದೆ ಜೋಳ ಇಡಲು ನೆಲದೊಳಗೆ ಆಳವಾದ ಕುಣಿ ತೋಡುತ್ತಿದ್ದರು. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಅದಕ್ಕೆ ಹಗೇವು ಎನ್ನುತ್ತಾರೆ. ಇಲ್ಲಿ ದೊಡ್ಡ ಮನೆಗಳಿದ್ದವು ಎಂದಮೇಲೆ ಹಗೇವೂ ಇರಲೇಬೇಕು. ಹುಡುಕಿದೆ. ಒಂದು ವಾಡೆಯಂಥ ದೊಡ್ಡ ಮನೆಯ ಅಂಗಳದಲ್ಲಿ, ಮಣ್ಣಿನಡಿ ಬಂಡೆ ಸಿಕ್ಕಿತು. ಬಾಗಿಲು ಚೌಕಟ್ಟನ್ನೂ ಬಿಡದೆ ಒಯ್ದವರು ಇದನ್ನು ಮಾತ್ರ ಮುಚ್ಚಿ, ಮೇಲೆ ಮಣ್ಣೆಳೆದು ಹೋಗಿದ್ದಾರೆಂದರೆ ಒಳಗೆ ಏನೋ ಉಳಿದಿದೆ. ಹಗೇವಿನಲ್ಲಿ ಉಳಿಯುವುದು ಜೋಳ. ಈ ತರ್ಕ ನನಗೆ ರೊಟ್ಟಿಯಷ್ಟೇ ರುಚಿಸಿತು.

ಮಧ್ಯಾಹ್ನ ನಾನೂ ಶಮಶಾದ ಮೇಡಮ್ಮೂ ಸೇರಿ ಬಂಡೆ ಸರಿಸಿದೆವು. ಒಳಗಿನಿಂದ ಮುಗ್ಗು ವಾಸನೆ ಬಂತು. ದಂಡೆಯಲ್ಲಿದ್ದ ಬಲೆಯ ಹಗ್ಗ ತರಲು ಅವರು ಹೋದರು. ಕ್ಯಾಮೆರಾದವನು ಅಷ್ಟು ದೂರದಲ್ಲಿ ಗೋಡೆಯ ನೆರಳಿಗೆ ನಿಂತಿದ್ದ. ನನಗೆ ಕಾಯುವ ತಾಳ್ಮೆ ಇರಲಿಲ್ಲ. ಹಗೇವಿನ ಒಳಗೋಡೆಯಲ್ಲಿ ಕಾಲಿಡಲು ಕೊರೆದ ಗೂಡುಗಳು ಕಾಣುತ್ತಿದ್ದವು. ಅಂಚಿನಲ್ಲಿ ಕುಳಿತು ಎರಡೂ ಕಾಲು ಒಳಗೆ ಇಳಿಬಿಟ್ಟೆ.

"ಕಂದೀಲ ಇಳಿಸಿದೇನೋ ತಮ್ಮಾ?"

ಬೆನ್ನ ಹಿಂದೆ, ತೀರ ಹತ್ತಿರ. ವಯಸ್ಸಾದ ಹೆಂಗಸಿನ ದನಿ. ಗದರಿಕೆಯೂ ಇರಲಿಲ್ಲ, ಗಾಬರಿಯೂ ಇರಲಿಲ್ಲ. ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದ ಹಾಗಿತ್ತು. ನಾನು ಕಾಲು ಮೇಲೆಳೆದುಕೊಂಡು ತಿರುಗಿ ನೋಡಿದೆ. ಅಂಗಳ, ಬಿಸಿಲು, ಕ್ಯಾಮೆರಾದವನು. ಬೇರೆ ಯಾರೂ ಇರಲಿಲ್ಲ. ನನಗೆ ನೆನಪಿರುವುದು ಇಷ್ಟೇ.

ಮೇಡಂ ಹಗ್ಗ ತಂದರು. ನಾನು ಆ ದನಿಯ ಸಂಗತಿ ಎತ್ತದೆ, ಉರಿಯುವ ಅರಿವೆ ತುಂಡನ್ನು ಪಾತ್ರೆಯಲ್ಲಿಟ್ಟು, ಹಗ್ಗಕ್ಕೆ ಕಟ್ಟಿ ಇಳಿಸಿದೆ. ಆಳುದ್ದ ಇಳಿಯುವಷ್ಟರಲ್ಲಿ ಉರಿ ಚಿವುಟಿದಂತೆ ಆರಿತು. ಮತ್ತೆ ಹಚ್ಚಿ ಇಳಿಸಿದೆವು. ಅಲ್ಲಿಯೇ ಆರಿತು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ, ಕಂದೀಲು ಆರಿದಲ್ಲಿ ಮನುಷ್ಯನೂ ಉಳಿಯುವುದಿಲ್ಲ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು, ಹಸಿವು ಮರೆಸಿತ್ತು. "ಯಾ ಅಲ್ಲಾ! ಇಳದಿದ್ರ ಏನ ಗತಿರಿ ಸರ?" ಎಂದು ಮೇಡಂ ನನ್ನ ತೋಳು ಹಿಡಿದು ಹಿಂದಕ್ಕೆಳೆದರು.

ಇಲ್ಲಿಯವರೆಗಿನದನ್ನು ನಾನು ವಿವರಿಸಬಲ್ಲೆ. ಸಣ್ಣವನಿದ್ದಾಗ ಎಲ್ಲೋ ಕೇಳಿದ ಮಾತು, ಸಾವಿನ ಅಂಚಿನಲ್ಲಿ ಒಂದು ದನಿ ಉಟ್ಟುಕೊಂಡು ಎದ್ದು ಬಂದಿರಬೇಕು. ಹಸಿದ ತಲೆ ಇಷ್ಟಾದರೂ ಕೆಲಸ ಮಾಡಿತಲ್ಲ ಎಂದು ಸಮಾಧಾನಪಟ್ಟೆ. ಆ ವಾರದ ಮತದಲ್ಲಿ ನಾನೇ ಹೊರಬಿದ್ದೆ. ಜೋಳ ತರುತ್ತೇನೆಂದು ಹೋಗಿ ಬರಿಗೈಯಲ್ಲಿ ಬಂದವನನ್ನು ಇಟ್ಟುಕೊಳ್ಳುವುದು ತರ್ಕಕ್ಕೂ ಒಪ್ಪುವ ಮಾತಲ್ಲ.

ಹೊರಡುವ ಮುನ್ನ ಕ್ಯಾಮೆರಾದವನು ಟೆಂಟಿಗೆ ಕರೆದ. ಮೈಸೂರು ಕಡೆಯವನು. "ಸಾರ್, ಅವತ್ತು ಆ ಗುಂಡಿ ಹತ್ರ ಯಾರ ಜೊತೆ ಮಾತಾಡ್ತಾ ಇದ್ರಿ?" ಎಂದು ಕೇಳಿದ. ಯಾರ ಜೊತೆಗೂ ಇಲ್ಲ ಎಂದೆ. ಅವನು ಟೇಪು ಹಾಕಿದ.

ಟೇಪಿನಲ್ಲಿ ನಾನು ಕಾಲು ಇಳಿಬಿಟ್ಟು ಕುಳಿತಿದ್ದೇನೆ. ಇದ್ದಕ್ಕಿದ್ದಂತೆ ತಲೆ ಎತ್ತಿ "ಇಲ್ರಿ" ಎನ್ನುತ್ತೇನೆ. ತುಸು ತಡೆದು "ಬಾಗೇವಾಡಿ ಕಡ್ಯಾಂವ್ರಿ" ಎನ್ನುತ್ತೇನೆ. ಆಮೇಲೆ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ, ನಡುನಡುವೆ ತಲೆಯಾಡಿಸುತ್ತೇನೆ. ಕೊನೆಗೆ "ಆಗಲ್ರಿ, ಹೇಳ್ತೇನಿ" ಎಂದು ಕಾಲು ಮೇಲೆಳೆದುಕೊಳ್ಳುತ್ತೇನೆ. ಅಂಗಿಗೆ ಸಿಕ್ಕಿಸಿದ ಮೈಕಿನಲ್ಲಿ ನನ್ನ ಉಸಿರು ಕೂಡ ಕೇಳುತ್ತದೆ. ಬೇರೆ ದನಿ ಇಲ್ಲ.

ಆ ಹೆಂಗಸಿನ ದನಿ ಇಲ್ಲದ್ದಕ್ಕೆ ನಾನು ಬೆರಗಾಗಲಿಲ್ಲ. ಅದು ನನ್ನ ತಲೆಯೊಳಗಿನದೆಂದು ಆಗಲೇ ತೀರ್ಮಾನಿಸಿದ್ದೆ. ಆದರೆ ಟೇಪಿನಲ್ಲಿದ್ದದ್ದು ನನ್ನ ದನಿ. ಆ ಮಾತುಗಳಲ್ಲಿ ಒಂದನ್ನೂ ಆಡಿದ ನೆನಪು ನನಗಿರಲಿಲ್ಲ. ಹೇಳುತ್ತೇನೆ ಎಂದು ಯಾರಿಗೋ ಮಾತು ಕೊಟ್ಟಿದ್ದೆ. ಏನನ್ನು ಹೇಳಬೇಕು, ಯಾರಿಗೆ ಹೇಳಬೇಕು, ಅದೇ ಗೊತ್ತಿಲ್ಲ. ವಾಹಿನಿಯವರು ಆ ಭಾಗವನ್ನು ತೋರಿಸಲಿಲ್ಲ.

ಕೆಲವು ತಿಂಗಳು ತಡೆದೆ. ತಡೆಯಲಾಗದೆ ಒಂದು ರವಿವಾರ ನಾಲತವಾಡದ ಬಸ್ಸು ಹಿಡಿದು ಆ ಹೊಸ ಊರಿಗೆ ಹೋದೆ. ಅಂಗಳದಲ್ಲಿ ಹಗೇವಿದ್ದ ದೊಡ್ಡ ಮನೆಯವರು ಯಾರೆಂದು ವಿಚಾರಿಸಿದಾಗ ಒಂದು ಮನೆ ತೋರಿಸಿದರು. ನಡುವಯಸ್ಸಿನ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತಿದ್ದಳು. ನೀರು ಬೆಲ್ಲ ಕೊಟ್ಟು ಕೂಡಿಸಿದಳು. ನಾನು ತಮಾಷೆಯ ಧಾಟಿಯಲ್ಲೇ ಶುರುಮಾಡಿದೆ. ಕಂದೀಲಿನ ಮಾತು ಬಂದಾಗ ಆಕೆಯ ಕೈ ನಿಂತಿತು. ಕೊನೆಗೆ ಟೇಪಿನ ಸಂಗತಿ ಕೇಳಿ, ಒಲೆಯ ಮೇಲಿನ ರೊಟ್ಟಿ ಹಂಚು ಕೆಳಗಿಳಿಸಿದಳು.

"ವಯಸ್ಸಾದಾಕಿ ದನಿ ಏನ್ರಿ?"

"ಹಂಗ ಅನಿಸ್ತ್ರಿ."

ಯಾರ ದನಿ ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಎದುರಿಗೆ ಕುಳಿತಳು.

"ಹೇಳ್ತೇನಿ ಅಂತ ಮಾತ ಕೊಟ್ಟ ಬಂದೀರಿ. ಏನ ಹೇಳ್ಯಾಳ, ಹೇಳ್ರಿ."

ಏನಾದರೂ ಹೇಳಿಬಿಡಬಹುದಿತ್ತು. ಎಲ್ಲರೂ ಚೆನ್ನಾಗಿರಿ ಅಂದಳು ಎಂದಿದ್ದರೆ ಸಾಕಾಗುತ್ತಿತ್ತೇನೋ. ಆಕೆ ಕಣ್ಣು ಪಿಳುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದಳು. ಸುಳ್ಳಿಗೆ ನಾಲಿಗೆ ಏಳಲಿಲ್ಲ. "ನೆನಪಿಲ್ರಿ" ಎಂದೆ. ಅಷ್ಟು ನಾಚಿಕೆ ನನಗೆ ಬೇರೆಲ್ಲೂ ಆಗಿಲ್ಲ.

ಆಕೆ ಸಿಟ್ಟಾಗಲಿಲ್ಲ. ಬಾಗಿಲವರೆಗೆ ಬಂದು, "ನೆನಪಾದ ದಿನ ಬರ್ರಿ. ಯಾವ ಹೊತ್ತಿನಾಗ ಆದ್ರೂ ಬರ್ರಿ, ನಾ ಮನ್ಯಾಗ ಇರ್ತೇನಿ" ಎಂದಳು.

ಎಷ್ಟೋ ವರ್ಷಗಳಾದವು. ನನಗೆ ಇನ್ನೂ ನೆನಪಾಗಿಲ್ಲ.