ಊಟ ಮಾಡಿ ಬನ್ನಿ ಅಂದಿದ್ದ

ಅಕ್ಕಾ, ಅವತ್ತು ಸಮುದ್ರದಲ್ಲಿ ಗಾಳಿ ಬಾರದೆ ಹೋಗಿದ್ದು ನಿಮ್ಮ ನಸೀಬಲ್ಲ, ನನ್ನ ಸುಳ್ಳು. ಗಾಳಿ ಯಾವ ಹೊತ್ತಿಗೆ ಏಳುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, ಗಾಳಿ ಇಲ್ಲದ ಹೊತ್ತು ನೋಡಿ ನಿಮ್ಮನ್ನು ನೀರಿಗಿಳಿಸಿದೆ. ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡು ನಿಮ್ಮ ಪಕ್ಕದಲ್ಲೇ ಕೂತು ರೊಟ್ಟಿ ಬಡಿದಿದ್ದೇನೆ. ಎದುರಿಗೆ ಹೇಳೋಣ ಅಂತ ಬಂದರೆ ನೀವು ಮೊದಲೇ ಏನಾದರೂ ಅಂದು ನಗಿಸಿಬಿಡುತ್ತೀರಿ, ನನ್ನ ಮಾತು ಬಾಯಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಈ ಮನೆಯ ಹಿರಿ ಸೊಸೆ, ನಾನು ಕಿರಿಯಳು. ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ದಾರಿಯಲ್ಲಿ ನಮ್ಮ ಹೊಲಮನೆ ಕಂಡವರಿಗೆಲ್ಲ ನೀಲಕ್ಕ ಗೊತ್ತು. ಕಡಲೆ ತೂರುವ ದಿನ ನೀವು ಸ್ಟೂಲಿನ ಮೇಲೆ ಮೊರ ಹಿಡಿದು ನಿಂತರೆ ಗಾಳಿಯೇ ಹೇಳಿದ ಮಾತು ಕೇಳುತ್ತದೆ ಅನ್ನುತ್ತಿದ್ದರು. ಹೊಟ್ಟು ಅತ್ತ, ಕಾಳು ಇತ್ತ. ಬುಟ್ಟಿ ಎತ್ತಿಕೊಡುವವಳು ಮಾತ್ರ ಯಾವತ್ತೂ ನಾನೇ.

ಅಂಥದೇ ಒಂದು ದಿನ ತೂರುವುದು ಮುಗಿಸಿ, ಬೇವಿನ ನೆರಳಲ್ಲಿ ಕೂತು ಫೋನ್ ನೋಡುತ್ತಿದ್ದಿರಿ. ಅದರಲ್ಲಿ ನಮ್ಮ ವಯಸ್ಸಿನ ಒಬ್ಬ ಹೆಂಗಸು, ನೀರಿನ ಮೇಲೊಂದು ಹಲಗೆ, ಕೈಯಲ್ಲಿ ಬಣ್ಣದ ಹಾಯಿ. ಗಾಳಿ ಅವಳನ್ನು ಸಮುದ್ರದ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ವಿಂಡ್‌ಸರ್ಫಿಂಗ್ ಅಂತ ಹೆಸರು.

"ಮಂಗಲಾ, ಇಲ್ಲಿ ನೋಡ. ಇದೇನ್ ದೊಡ್ಡ ಮಾತು? ಗಾಳಿ ಯಾ ಕಡಿಂದ ಬರತೈತಿ ನೋಡೂದು, ಮೈ ಆ ಕಡಿ ಕೊಡೂದು. ನಾವು ದಿನಾ ಮಾಡೂದನ ಐತಿ!"

"ಅಕ್ಕಾರ, ಅದು ಸಮುದ್ರ ಐತ್ರಿ."

"ಇರಲೇಳು. ನಾ ತೊರಗಲ್ಲದಾಕಿ, ಮಲಪ್ರಭಾದಾಗ ಈಸಾಡಿ ಬೆಳದೇನಿ. ಸಮುದ್ರ ಏನ್ ಮಾಡತೈತಿ, ಬಾಯಿಗೆ ಉಪ್ಪು ಹತ್ತತೈತಿ, ಇಷ್ಟ!"

ಅಲ್ಲಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಮಳೆಗಾಲದಲ್ಲಿ ಹೊಸಬರನ್ನು ನೀರಿಗೆ ಬಿಡುವುದಿಲ್ಲವಂತೆ, ಹಾಗಾಗಿ ದಸರೆ ಮುಗಿದ ಮೇಲೆ ಅಂತಾಯಿತು. ಕಾರವಾರವೋ, ಮುರ್ಡೇಶ್ವರವೋ ಅಂತ ವಾರಗಟ್ಟಲೆ ವಾದ. ಕೊನೆಗೆ ಗೋಕರ್ಣ — ಅತ್ತೆಯವರಿಗೆ ದೇವರ ದರ್ಶನ ಅಂತ ಹೇಳಲು ಸಸಾರ ಅಂದಿರಿ. ಬೈಲಹೊಂಗಲದ ಟೇಲರ್ ಹತ್ತಿರ ಮೈಗಂಟುವ ಉದ್ದ ತೋಳಿನ ಅಂಗಿ, ಪ್ಯಾಂಟು ಹೊಲಿಸಲು ಹೋದಾಗ ಅವನು, "ಇದು ಯಾ ಫಂಕ್ಷನ್ನಿಗ್ರೀ ಅಕ್ಕಾರ?" ಅಂದ. "ಸಮುದ್ರದ ಮನೀ ಫಂಕ್ಷನ್ ಐತಿ" ಅಂದಿರಿ. ಅವನು ನಂಬಿದನೋ ಏನೋ, ತೋಳಿಗೆ ಜರಿ ಹಚ್ಚಿ ಕೊಟ್ಟಿದ್ದ.

ಆಮೇಲೆ ಪ್ರಾಕ್ಟೀಸು. ಹೊಲ ಸಮ ಮಾಡುವ ಕೊರಡನ್ನು ಟ್ರ್ಯಾಕ್ಟರಿಗೆ ಕಟ್ಟಿ, ಅದರ ಮೇಲೆ ನಿಲ್ಲುವುದು. ಬಿದಿರಿಗೆ ಕಟ್ಟಿದ ತಾಡಪತ್ರಿಯೇ ಹಾಯಿ. ನಮ್ಮ ಮನೆಯವರು ನಿಧಾನಕ್ಕೆ ಟ್ರ್ಯಾಕ್ಟರ್ ಬಿಟ್ಟರು. ನೀವು ಈ ಬದುವಿನಿಂದ ಆ ಬದುವಿನವರೆಗೆ ನಿಂತೇ ಹೋದಿರಿ! ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ಚಪ್ಪಾಳೆ ಹೊಡೆದರು. ನಾನು ಹತ್ತಿದೆ — ಟ್ರ್ಯಾಕ್ಟರ್ ಹೊರಟಿತು, ನಾನು ಅಲ್ಲೇ ಉಳಿದೆ, ಅಂಗಾತ. ನೀವು ಓಡಿಬಂದು ಎಬ್ಬಿಸಿ, ಸೀರೆಯ ಮಣ್ಣು ಝಾಡಿಸಿ, "ಏಳವಾ, ಹೊಲ ಏನ್ ಕಚ್ಚೂದಿಲ್ಲ" ಅಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆದರೆ ಒಳಗೆ — ಹೇಗೆ ಹೇಳಲಿ. ನಿಮ್ಮ ಹೋಳಿಗೆ ಹರಿಯುವುದಿಲ್ಲ. ಎಮ್ಮೆ ನಿಮ್ಮ ಕೈಗೇ ಹಾಲು ಬಿಡುತ್ತದೆ, ನಾನು ಹೋದರೆ ಒದೆಯುತ್ತದೆ. ನೀವು ಒಂದು ಸಲ, ಒಂದೇ ಸಲ ಎಲ್ಲರೆದುರು ಸೋಲಬೇಕು ಅನ್ನಿಸಿತು. ಹೊಟ್ಟೆಕಿಚ್ಚು ಅಕ್ಕಾ, ಅದಕ್ಕೆ ಬೇರೆ ಹೆಸರಿಲ್ಲ.

ಗೋಕರ್ಣದಲ್ಲಿ ಕಲಿಸುವವನಿಗೆ ಫೋನ್ ಮಾಡಿ ಹೊತ್ತು ಗೊತ್ತುಮಾಡುವ ಕೆಲಸ ನನ್ನದಾಗಿತ್ತು. ಅವನು ಸ್ಪಷ್ಟವಾಗಿ ಹೇಳಿದ: "ಊಟ ಮಾಡಿ ಬನ್ನಿ ಮೇಡಂ. ಬೆಳಿಗ್ಗೆ ಗಾಳಿ ಇರೂದಿಲ್ಲ, ಆಮೇಲೆ ಬರ್ತದೆ." ನಾನು ಅವನಿಗೆ, ನಮಗೆ ಮಧ್ಯಾಹ್ನವೇ ಊರಿಗೆ ಹೊರಡಬೇಕು, ಬೆಳಿಗ್ಗೆಯೇ ಆಗಲಿ ಅಂದೆ. ಫೋನಿಟ್ಟು, ಅಡುಗೆಮನೆಗೆ ಬಂದು, ಶೇಂಗಾ ಚಟ್ನಿ ಕುಟ್ಟುತ್ತಿದ್ದ ನಿಮಗೆ —

"ಮುಂಜಾನಿ ಲಗೂ ಬರ್ರಿ ಅಂದಾನ್ರಿ ಅಕ್ಕಾರ."

ಅಷ್ಟೇ. ಇಷ್ಟು ಸಲೀಸಾಗಿ ನನ್ನ ಬಾಯಿಂದ ಸುಳ್ಳು ಬರುತ್ತದೆ ಅಂತ ಆವರೆಗೆ ನನಗೂ ಗೊತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಸಮುದ್ರ ಪರಾತದಲ್ಲಿಟ್ಟ ನೀರಿನ ಹಾಗೆ ಸುಮ್ಮನಿತ್ತು. ನೀವು ಜರಿ ತೋಳಿನ ಅಂಗಿಯ ಮೇಲೆ ತೇಲುವ ಜಾಕೆಟ್ ಹಾಕಿಕೊಂಡು, ಸಮುದ್ರಕ್ಕೆ ಕೈ ಮುಗಿದು, ಹಲಗೆ ಹತ್ತಿದಿರಿ. ಎರಡು ಸಲ ಜಾರಿ, ಮೂರನೆಯ ಸಲಕ್ಕೆ ನಿಂತೇಬಿಟ್ಟಿರಿ. ಹಾಯಿ ಎತ್ತಿದಿರಿ. ಅದು ಒಣಹಾಕಿದ ಸೀರೆಯಂತೆ ಜೋತುಬಿತ್ತು. ಆ ಕಡೆ ತಿರುಗಿದಿರಿ, ಈ ಕಡೆ ತಿರುಗಿದಿರಿ, ಬೆರಳು ನೆಕ್ಕಿ ಮೇಲೆತ್ತಿ ಗಾಳಿ ಹುಡುಕಿದಿರಿ — ಕಣದಲ್ಲಿ ಮಾಡುವ ಹಾಗೇ. ನೀರಿಗೆ ಅಂಜಿ ದಂಡೆಯಲ್ಲಿ ಕೂತಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀವೂ ಅಲ್ಲಿಂದಲೇ ಕೂಗಿದಿರಿ, "ಮಂಗಲಾ, ಬೀಸಣಕಿ ತೊಗೊಂಡ್ ಬಾರವಾ!"

ಕಲಿಸುವವನು ಹಲಗೆ ಎಳೆದು ತರುತ್ತ ನನ್ನ ಹತ್ತಿರ ಮೆಲ್ಲಗೆ, "ಇವರು ಚೆನ್ನಾಗಿ ನಿಲ್ತಾರೆ ಮೇಡಂ. ಊಟ ಮಾಡಿ ಬನ್ನಿ, ಗಾಳಿ ಸಿಕ್ಕರೆ ಹೋಗೇಬಿಡ್ತಾರೆ" ಅಂದ. ತಿದ್ದಿಕೊಳ್ಳಲು ಅದೊಂದು ದಾರಿ ಇತ್ತು. ನಾನು, ಮನೆಯಲ್ಲಿ ಎಮ್ಮೆ ಹಿಂಡುವವರು ಯಾರೂ ಇಲ್ಲ, ಹೋಗಬೇಕು ಅಂದೆ.

ದೇವರ ದರ್ಶನ, ಊಟ ಮುಗಿಸಿ ಬಾಡಿಗೆ ಕಾರು ಹತ್ತಿದಾಗ ತೆಂಗಿನ ಗರಿಗಳೆಲ್ಲ ಎದ್ದು ಕುಣಿಯುತ್ತಿದ್ದವು. ನೀವು ಕಿಟಕಿಯಿಂದ ತಲೆ ಹೊರಹಾಕಿ, "ನೋಡವಾ, ಈಗ ಬಂತು ನೋಡು! ಅದಕ್ಕೂ ನನ್ನ ಅಂಜಿಕಿ ಐತಿ" ಅಂತ ನಕ್ಕಿರಿ. ಆಮೇಲೆ ಕಿತ್ತೂರಿನಲ್ಲಿ ಚಹಾಕ್ಕೆ ಇಳಿದೆವು. ಚಹಾ ಕುಡಿಯುತ್ತ ಅಂದಿರಿ, "ಗಾಳಿ ನನಗ ಗೊತ್ತೈತಿ ಅಂತ ತಿಳಕೊಂಡಿದ್ನಿ, ಮಂಗಲಾ. ಹೊರಗ ಹೋದಮ್ಯಾಲೆ ತಿಳೀತು ನೋಡು."

ಊರಲ್ಲೆಲ್ಲ ಆ ಕಥೆಯನ್ನು ನೀವೇ ಹೇಳಿ ನಗಿಸಿದಿರಿ, ಬೀಸಣಿಕೆಯ ಮಾತನ್ನೂ ಸೇರಿಸಿ. ಜರಿ ಅಂಗಿ ಟ್ರಂಕಿನ ತಳಕ್ಕೆ ಹೋಯಿತು. ಮತ್ತೆಲ್ಲಿಗಾದರೂ ಹೋಗೋಣ ಅಂತ ನೀವಾಗಿ ಅಂದಿದ್ದು ನನಗೆ ನೆನಪಿಲ್ಲ. ಮೊನ್ನೆ ಸಂಘದ ಹೆಣ್ಣುಮಕ್ಕಳೆಲ್ಲ ಕೂಡಿ ಕಾರು ಕಲಿಯೋಣ ಅಂದರು. ಟ್ರ್ಯಾಕ್ಟರ್ ಓಡಿಸುವ ನೀವು ಏನಂದಿರಿ? "ನನಗ ಬರೂದಿಲ್ಲ ಬಿಡ್ರೆವಾ. ಸಮುದ್ರಾನ ಹೇಳಿ ಕಳಿಸೇತಿ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಸಮುದ್ರ ಏನೂ ಹೇಳಿರಲಿಲ್ಲ ಅಕ್ಕಾ, ಹೇಳಿದ್ದು ನಾನು.

ಆ ವಯಸ್ಸು, ಆ ಸಿಟ್ಟು ಅಂತ ಏನೇನೋ ಬರೆಯಬಹುದಿತ್ತು — ಬೇಡ. ಇದನ್ನು ಓದಿ ಬೈಯಿರಿ, ಬಾಯಿ ತುಂಬ ಬೈಯಿರಿ. ಸಂಘದವರೆದುರು ನಾನೇ ಹೇಳುತ್ತೇನೆ, ಬೀಸಣಿಕೆಯ ಮಾತನ್ನು ಬಿಡದೆ.

ನಿನ್ನೆ ಗೋಕರ್ಣಕ್ಕೆ ಫೋನ್ ಮಾಡಿದ್ದೆ. ಅವನೇ ಎತ್ತಿದ. ಜರಿ ಅಂಗಿಯ ಮೇಡಂ ಅಂದ ಕೂಡಲೇ ನೆನಪಾಯಿತು ಅವನಿಗೆ. ಇಬ್ಬರು ಅಂತ ಹೇಳಿದ್ದೇನೆ. ಈ ಸಲ ದಂಡೆಯಲ್ಲಿ ಕೂರುವುದಿಲ್ಲ, ಬೀಳುವುದಾದರೆ ನಾನೂ ನಿಮ್ಮೆದುರಿಗೇ ಬೀಳುತ್ತೇನೆ. ಹೊರಡುವುದು, ಬಿಡುವುದು ನಿಮಗೆ ಬಿಟ್ಟಿದ್ದು. ಅವತ್ತು ಅಡುಗೆಮನೆಯಲ್ಲಿ ನಿಮಗೆ ಮುಟ್ಟಿಸಬೇಕಿದ್ದ ಮಾತನ್ನು ಮಾತ್ರ ಇವತ್ತು ಮುಟ್ಟಿಸುತ್ತಿದ್ದೇನೆ.

ಊಟ ಮಾಡಿ ಬರ್ರಿ ಅಂದಾನ್ರಿ ಅಕ್ಕಾರ. ಗಾಳಿ ಆಮೇಲೆ ಬರತೈತಂತ.